ನಾಯಿಯ ಕಡೆ ನೋಡದೆ ಕೂರುವವರು

ವೇದಶ್ರೀ ಆ ನಾಯಿಯನ್ನು ಮನೆಗೆ ತಂದದ್ದು ದೇವದುರ್ಗದ ಒಬ್ಬ ಪ್ರಿನ್ಸಿಪಾಲರ ಮೇಲಿನ ಸಿಟ್ಟಿಗೆ. ರಾಯಚೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುವ ಆಕೆ ಪರೀಕ್ಷೆಯ ಮೇಲ್ವಿಚಾರಣೆಗೆಂದು ಅಲ್ಲಿಗೆ ಹೋಗಿದ್ದಳು. ಕಾಲೇಜಿನ ಗೋಡೆಯಾಚೆ ಬೀಗ ಹಾಕಿದ ಒಂದು ಮನೆ. ಅದರ ಅಂಗಳದಲ್ಲಿ ಸರಪಳಿಯಲ್ಲಿ ಕಟ್ಟಿದ ಕಂದು ಬಣ್ಣದ ಹೆಣ್ಣು ನಾಯಿ. ಪರೀಕ್ಷೆ ನಡೆದಷ್ಟು ಹೊತ್ತೂ ಅದು ಕುಂಯ್‌ಗುಡುತ್ತಿತ್ತು.

"ಬ್ಯಾಂಕಿನ ಸಾಹೇಬ್ರು ಟ್ರಾನ್ಸ್‌ಫರ್ ಆಗಿ ಹೋದ್ರು ಮೇಡಂ, ಇದನ್ನ ಬಿಟ್ಟು ಹೋದ್ರು. ನಾವ ಆಗೊಂದು ಈಗೊಂದು ತುತ್ತು ಒಗೀತೀವಿ" ಎಂದ ಅಟೆಂಡರ್.

ವೇದಶ್ರೀ ನೇರ ಪ್ರಿನ್ಸಿಪಾಲರ ಕೋಣೆಗೆ ನಡೆದಳು. "ಒಡದ ಕೊಡ ಬಿಟ್ಟು ಹೋದಂಗ ಒಂದು ಜೀವ ಬಿಟ್ಟು ಹೋಗ್ಯಾರ. ನೀವೆಲ್ಲಾ ಓದಿದವರು, ದಿನಾ ನೋಡ್ಕೋತ ಚಹಾ ಕುಡೀಲಿಕತ್ತೀರಿ?"

ಪ್ರಿನ್ಸಿಪಾಲರು ನಕ್ಕರು. "ಅಷ್ಟು ಕನಿಕರ ಇದ್ರ ನೀವ ಒಯ್ಯಿರಲ್ಲ ಮೇಡಂ." ಸುತ್ತ ಕೂತಿದ್ದವರೂ ನಕ್ಕರು. ನಗುವವರ ಮುಂದೆ ಸೋಲುವ ಹೆಣ್ಣಲ್ಲ ಆಕೆ. ಪರೀಕ್ಷೆ ಮುಗಿದ ದಿನ ಬಾಡಿಗೆ ಕಾರು ತರಿಸಿ, ಅಟೆಂಡರನಿಂದ ಸರಪಳಿ ಬಿಚ್ಚಿಸಿ, ನಾಯಿಯನ್ನು ಎತ್ತಿ ಒಳಗೆ ಹಾಕಿಸಿಕೊಂಡಳು. ಗಬ್ಬೂರು ದಾಟುವಷ್ಟರಲ್ಲಿ ಅದು ಸೀಟಿನ ಕೆಳಗೆ ನುಸುಳಿ ವಾಂತಿ ಮಾಡಿಕೊಂಡಿತ್ತು. ಡ್ರೈವರ್ ಮುಖ ಸಿಂಡರಿಸಿದ. ಆಕೆ ಅವನಿಗಿಂತ ಹೆಚ್ಚು ಸಿಂಡರಿಸಿದಳು.

ಮನೆಗೆ ಬಂದ ಮೇಲೆ ತಿಳಿದದ್ದು, ಇಂಥ ಪುಕ್ಕಲು ಪ್ರಾಣಿ ರಾಯಚೂರು ಜಿಲ್ಲೆಯಲ್ಲೇ ಮತ್ತೊಂದು ಇರಲಾರದೆಂದು. ಮಂಚದ ಕೆಳಗೆ ಸೇರಿಕೊಂಡದ್ದು ಹೊರಗೆ ಬರಲೊಲ್ಲದು. ಚಮಚ ಬಿದ್ದರೆ ನಡುಗುತ್ತಿತ್ತು. ಗ್ಯಾಸ್ ಸಿಲಿಂಡರಿನವನು ಗೇಟು ಬಡಿದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಕರಿಹಲಗೆಯ ಮುಂದೆ ನಿಂತು ತೊದಲುವ ಹುಡುಗರನ್ನು ಕಂಡರೇ ಮೈ ಉರಿಯುತ್ತಿದ್ದ ವೇದಶ್ರೀಗೆ ಈ ಹೇಡಿಯ ಮೇಲೆ ಮೊದಮೊದಲು ಹೇಸಿಗೆಯೇ ಹುಟ್ಟಿತು. ಆದರೆ ಹುಡುಗರನ್ನು ಗದರಿದಂತೆ ಇದನ್ನು ಗದರಲು ಬರುತ್ತಿರಲಿಲ್ಲ; ಒಮ್ಮೆ ದನಿ ಏರಿದರೆ ಇಡೀ ದಿನ ಅನ್ನ ಮುಟ್ಟುತ್ತಿರಲಿಲ್ಲ. ಹಾಗಾಗಿ ಮೆಲ್ಲಗೆ ಮಾತಾಡುವುದನ್ನು ಕಲಿತಳು. ನೆಲದ ಮೇಲೆ ಕೂತು, ಮುಖ ಆಚೆ ತಿರುಗಿಸಿ, ಮೊಸರನ್ನದ ತುತ್ತು ಹಿಂದಕ್ಕೆ ಚಾಚುವುದನ್ನೂ ಕಲಿತಳು. ಬೇಸಿಗೆ ಬಲಿಯುವ ಹೊತ್ತಿಗೆ ನಾಯಿ ಅವಳ ಕೈಯಿಂದ ತಿನ್ನತೊಡಗಿತು. ಅವಳ ಕೈಯಿಂದ ಮಾತ್ರ.

ಅದೇ ಪೇಚಾಯಿತು. ಮೌಲ್ಯಮಾಪನಕ್ಕೆ ಒಂದು ವಾರ ಕಲಬುರಗಿಗೆ ಹೋಗಬೇಕೆಂದು ಆದೇಶ ಬಂತು. ಆಕೆ ಪಶು ವೈದ್ಯ ತಿರುಪತಿಯನ್ನು ಕೇಳಿದಳು.

"ನಿಮ್ಮನ್ನ ನಂಬೇದರಿ ಮೇಡಂ. ಇನ್ನ ಅದಕ್ಕ ಮಂದಿ ರೂಢಿ ಆಗಬೇಕು" ಎಂದ ಆತ. "ದಿನಾ ಯಾರರ ಬಂದು ಕುಂದರ್ಲಿ. ನಾಯಿ ಕಡಿ ನೋಡಬಾರದು, ಕರೀಬಾರದು, ಮುಟ್ಟಬಾರದು. ಕುಂತಲ್ಲೇ ಏನರ ತಿನ್ನಾಕ ಒಗದು ಎದ್ದು ಹೋಗಬೇಕು. ಅಷ್ಟ. ನಿಮ್ಮ ಮನಿಗಿ ಯಾರ್ಯಾರು ಬರ್ತಾರ?"

ಸರಳ ಪ್ರಶ್ನೆ. ವೇದಶ್ರೀಯ ಮನೆಗೆ ಯಾರೂ ಬರುತ್ತಿರಲಿಲ್ಲ. ಬರಲು ಯೋಗ್ಯರಾದವರು ಊರಿನಲ್ಲಿದ್ದಾರೆಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ.

ಮೊದಲು ಕರೆದದ್ದು ಭೌತಶಾಸ್ತ್ರದ ಯಲ್ಲಾಲಿಂಗನನ್ನು. ಸ್ಟಾಫ್ ರೂಮಿನಲ್ಲಿ ತನ್ನ ನಾಯಿಪ್ರೀತಿಯ ಬಗ್ಗೆ ಭಾಷಣ ಬಿಗಿಯುವವನು. ಬಂದವನೇ ನಿಯಮಗಳನ್ನೆಲ್ಲ ಗಾಳಿಗೆ ತೂರಿ, ಮಂಚದ ಮುಂದೆ ಮಂಡಿಯೂರಿ, ಚಿಟಿಕೆ ಹೊಡೆದು, "ಬಾ ಬೇಟಾ, ಬಾ, ಅಂಕಲ್ ಬಂದಾರ" ಎಂದು ಕೈಯನ್ನೇ ಒಳಗೆ ತೂರಿಸಿದ. ಮಂಚದ ಕೆಳಗಿನಿಂದ ಉಚ್ಚೆ ಹರಿದು ಬಂದು ಅವನ ಪ್ಯಾಂಟಿನ ಮಂಡಿ ತೋಯಿಸಿತು.

"ಸರ್, ಏನೂ ಮಾಡಬ್ಯಾಡ್ರಿ ಅಂತ ನಿಮ್ಮನ್ನ ಕರದಿದ್ದೆ. ಅದೂ ನಿಮ್ಮ ಕೈಲೆ ಆಗಲಿಲ್ಲ" ಎಂದಳು ವೇದಶ್ರೀ. ಅವನು ಚಹಾ ಕುಡಿಯದೆ ಹೋದ.

ಮಾನ್ವಿಯಲ್ಲಿ ಗುಡಿಯ ಪೂಜೆ ನೋಡಿಕೊಳ್ಳುವ ಅಣ್ಣ ವಾದಿರಾಜನಿಗೆ ಫೋನು ಹಚ್ಚಿದಳು. "ಅಪ್ಪನ ಶ್ರಾದ್ಧಕ್ಕ ಬಾ ಅಂದ್ರ ನಿನಗ ಬಿಡುವಿರಲಿಲ್ಲ. ಈಗ ನಾಯಿ ಮುಂದ ಕೂಡ್ಲಿಕ್ಕೆ ನಾ ಬಸ್ ಹತ್ತಿ ಬರಬೇಕಾ?" ಎಂದು ಅವನು ಫೋನಿಟ್ಟ. ಅವನ ಮಡಿಯನ್ನು ಮನಸ್ಸಿನಲ್ಲೇ ಹೀಯಾಳಿಸಿದಳಾದರೂ, ಶ್ರಾದ್ಧದ ಮಾತು ಸುಳ್ಳಲ್ಲವೆಂದು ಆಕೆಗೂ ಗೊತ್ತಿತ್ತು.

ಉಳಿದವಳು ಪಕ್ಕದ ಮನೆಯ ಯಶೋಧಾ. ಗಂಡ ಶಕ್ತಿನಗರದಲ್ಲಿ ನೌಕರಿಯಲ್ಲಿದ್ದ. ಅವಳ ನೌಕರಿ ಮಾತು. ಬಾಯಿ ತೆರೆದರೆ ಮೈದುನನ ಹೆಂಡತಿ ನೆಗೆಣ್ಣಿ, ನೆಗೆಣ್ಣಿಯ ತವರು, ಆ ತವರಿನವರ ಜಿಪುಣತನ. ಗೋಡೆಗೆ ಗೋಡೆ ತಾಗಿದ್ದರೂ ವೇದಶ್ರೀ ಅವಳನ್ನು ಒಂದು ದಿನವೂ ಒಳಗೆ ಕರೆದವಳಲ್ಲ. ತಲೆಯೊಳಗೆ ಹೊಟ್ಟು ತುಂಬಿಕೊಂಡ ಹೆಂಗಸು ಎಂಬುದು ಅವಳ ತೀರ್ಮಾನ.

ಯಶೋಧಾ ಒಂದು ತಟ್ಟೆ ಮಂಡಕ್ಕಿ ಒಗ್ಗರಣೆ, ಅವಳ ಬಾಯಲ್ಲಿ ವಗ್ಗರಣಿ ಮಂಡಾಳು, ಹಿಡಿದೇ ಬಂದಳು. ನಾಯಿಯ ಕಡೆ ನೋಡಬಾರದೆಂದು ಹೇಳಿದ್ದಕ್ಕೆ, "ನಾಯಿ ನೋಡಿ ನಾನೇನ್ ಮಾಡ್ಲಿ ಟೀಚರಕ್ಕ? ನಮ್ಮ ನೆಗೆಣ್ಣಿ ಮೊನ್ನಿ ಏನ್ ಮಾಡಿದ್ಲು, ಅದನ್ನ ಕೇಳ್ರಿ" ಎಂದು ಗೋಡೆಗೆ ಒರಗಿ ಕೂತಳು. ಕತೆ ಶುರುವಾಯಿತು. ನಡುನಡುವೆ ಅವಳ ಕೈ ತಾನಾಗಿ ಮಂಡಾಳು ತೂರುತ್ತಿತ್ತು, ಎಲ್ಲಿ ಬಿತ್ತೆಂದು ಕಣ್ಣು ಹೋಗುತ್ತಿರಲಿಲ್ಲ. ತನ್ನ ಸಂಸಾರ ಬಿಟ್ಟರೆ ಲೋಕದಲ್ಲಿ ಬೇರೆ ಯಾವ ಪ್ರಾಣಿಯ ಬಗ್ಗೆಯೂ ಅವಳಿಗೆ ಕಿಂಚಿತ್ ಆಸಕ್ತಿಯಿರಲಿಲ್ಲ. ವೈದ್ಯ ಹೇಳಿದ್ದು ಇಂಥವಳನ್ನೇ! ಮೂರನೆಯ ಸಂಜೆ ಮಂಚದ ಕೆಳಗಿನಿಂದ ಒಂದು ಮೂತಿ ಹೊರಬಂತು. ಅದಾದ ಕೆಲವು ದಿನಕ್ಕೆ ಯಶೋಧಾಳ ಸೆರಗಿನ ಹತ್ತಿರದ ಮಂಡಾಳು ಮಾಯವಾಯಿತು. ಅವಳು ಮಾತು ನಿಲ್ಲಿಸಲಿಲ್ಲ. ನಾಯಿ ಓಡಲಿಲ್ಲ.

ಹೆಸರಿಟ್ಟವಳೂ ಅವಳೇ: ಪಾರಿ. ಎಮ್ಮೆಗಿಡುವ ಹೆಸರು ಎಂದುಕೊಂಡಳು ವೇದಶ್ರೀ. ಆದರೆ ನಾಯಿ ಆ ಹೆಸರಿಗೆ ಕಿವಿ ನಿಮಿರಿಸಿತು, ಬಾಲವನ್ನು ಕಾಲ ಸಂದಿಯಿಂದ ತುಸುವೇ ಬಿಡಿಸಿತು. ಅದಕ್ಕಾಗಿ ದಿನಾ ಸಂಜೆ ನೆಗೆಣ್ಣಿ ಪುರಾಣ ಕೇಳುವ ಶಿಕ್ಷೆಯನ್ನು ವೇದಶ್ರೀ ಹಲ್ಲು ಕಚ್ಚಿ ಅನುಭವಿಸಿದಳು.

ಮನೆಯ ಕೀಲಿ ಯಶೋಧಾಳಿಗೆ ಕೊಟ್ಟು ಹೋದ ಅವಳು ಕಲಬುರಗಿಯಿಂದ ಮರಳಿದಾಗ ಪಾರಿ ಸೊರಗಿರಲಿಲ್ಲ, ಮೈ ಮಿಂಚುತ್ತಿತ್ತು. ಬಾಯಿ ಮೂಸಿದರೆ ತತ್ತಿಯ ವಾಸನೆ. ತತ್ತಿ ಎಂದೂ ಹೊಸ್ತಿಲು ದಾಟದ ಮನೆ ಅದು. ವೇದಶ್ರೀ ಯಶೋಧಾಳ ಮುಖ ನೋಡಿದಳು, ಯಶೋಧಾ ಗೋಡೆ ನೋಡಿದಳು. ಕೇಳದೆ, ಗದರದೆ, ಏನೂ ತಿಳಿಯದವಳಂತೆ ಚೀಲ ಒಳಗಿಟ್ಟ ತನ್ನ ಮೇಲೆ ವೇದಶ್ರೀಗೆ ಮೊದಲ ಬಾರಿ ತಿರಸ್ಕಾರ ಹುಟ್ಟಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಪಾರಿ ಯಶೋಧಾಳ ಪಾದದ ಮೇಲೆ ಗದ್ದವಿಟ್ಟು ಮಲಗಿದ್ದು.

ಯಶೋಧಾಳ ಬಾಯಿ ಊರೆಲ್ಲ ತಿರುಗುವಂಥದ್ದು. ದೇವದುರ್ಗದಿಂದ ತಂದ ನಾಯಿಯ ಕತೆ ಹಿಟ್ಟಿನ ಗಿರಣಿ ದಾಟಿ ಎಲ್ಲಿಗೆ ತಲುಪಬೇಕೋ ಅಲ್ಲಿಗೆ ತಲುಪಿತು. ಒಂದು ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ಬಿಳಿ ಕಾರು ನಿಂತಿತು. ಇಸ್ತ್ರಿಯ ಅಂಗಿ, ಹಣೆಯಲ್ಲಿ ಅಕ್ಷತೆ, ಕೈಯಲ್ಲಿ ಹೊಸ ಸರಪಳಿ.

"ನಾನು ಗುರುಪ್ರಸನ್ನ, ಬ್ಯಾಂಕ್ ಮ್ಯಾನೇಜರ್" ಎಂದ ಇಳಿದವನು. "ಇದು ನಮ್ಮ ರೂಬಿ. ದೇವದುರ್ಗದಾಗ ನಮ್ಮ ಮನ್ಯಾಗಿತ್ತು. ಇಷ್ಟು ದಿವಸ ನೋಡ್ಕೊಂಡಿರಿ, ಭಾಳ ಉಪಕಾರ. ಇಲ್ಲೆ ಹೊಸ ಮನಿ ಕಟ್ಟಿಸೀವಿ, ಆ ಕಡೆ ಕಳ್ಳರ ಕಾಟ. ಒಯ್ಯೋಣಂತ ಬಂದೆ. ನೀವೂ ನಮ್ಮವರ ಅಂತ ತಿಳಿದು ಖುಷಿ ಆತು."

ಸರಪಳಿ ಸದ್ದಾಯಿತು. ವೇದಶ್ರೀಯ ಹಿಂದೆ ನಿಂತಿದ್ದ ಪಾರಿ ಕಾಲು ಮಡಚಿ ಕುಸಿಯಿತು, ಕೆಳಗೆ ನೆಲ ಒದ್ದೆಯಾಯಿತು. ಪ್ರಿನ್ಸಿಪಾಲರ ಮುಂದೆ ಗುಡುಗಿದ್ದ ವೇದಶ್ರೀ ಗೇಟಿನ ಕಂಬಿ ಹಿಡಿದು ನಿಂತುಬಿಟ್ಟಳು. ಹೇಳಬೇಕಾದ ಮಾತುಗಳೆಲ್ಲ ಸಾಲಾಗಿ ನಿಂತಿದ್ದವು, ಒಂದೂ ಹೊರಬರಲಿಲ್ಲ.

ರೊಟ್ಟಿ ಹಿಟ್ಟು ಮೆತ್ತಿದ ಕೈಯಲ್ಲೇ ಯಶೋಧಾ ಹೊರಬಂದಳು. "ಓ, ನೀವೇನ್ರಿ ಆ ಸಾಹೇಬ್ರು! ಉಪಾಸ ಕಟ್ಟಿ ಹೋಗಾಗ ನಿಮ್ಮ ನಾಯಿ ಆಗಿದ್ದಿಲ್ಲ, ಕಳ್ಳರು ಬಂದ ಮ್ಯಾಲೆ ನಿಮ್ಮದಾತೇನು? ಮನ್ಯಾಗಿನ ಹಿರೇರನ್ನೂ ಹಿಂಗ ಕಟ್ಟಿ ಬಂದೀರೋ, ಕರಕೊಂಡು ಬಂದೀರೋ? ಬೊಗಳಾಕ ಬೇಕಂದ್ರ ನೀವ ಗೇಟಿನ್ಯಾಗ ಕುಂದರ್ರಿ, ಸರಪಳಿ ಹ್ಯಾಂಗೂ ತಂದೀರಿ."

ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಗುರುಪ್ರಸನ್ನನ ಮುಖ ಕೆಂಪಾಯಿತು. ಅವನು ಯಶೋಧಾಳ ಕಡೆ ತಿರುಗಿಯೂ ನೋಡದೆ ವೇದಶ್ರೀಗೆ ದನಿ ತಗ್ಗಿಸಿ ಹೇಳಿದ: "ಮೇಡಂ, ಇಂಥಾವರ ಕೂಡ ಏನು ಮಾತು? ನೀವು ಹೇಳ್ರಿ. ನೀವು ನಮ್ಮವರು."

ಆಗ ವೇದಶ್ರೀಯ ದನಿ ಮರಳಿತು. "ನಾ ನಿಮ್ಮವಳಲ್ಲ. ನಡೀರಿ" ಎಂದಳು.

ಕಾರು ಹಿಂದೆ ಸರಿಯುವಾಗ ಯಶೋಧಾ ಓಣಿಯ ಕೊನೆಯವರೆಗೂ ಅದರ ಜೊತೆ ಮಾತಾಡುತ್ತ ಹೋದಳು.

ಪಾರಿ ಮತ್ತೆ ಮಂಚದ ಕೆಳಗೆ ಸೇರಿತು. ಅನ್ನ ಬೇಡ, ಹಾಲು ಬೇಡ, ತತ್ತಿಯೂ ಬೇಡ. ಇಷ್ಟು ದಿನದ ಪಾಡೆಲ್ಲ ಮಣ್ಣುಪಾಲಾಯಿತೆಂದು ವೇದಶ್ರೀ ತಲೆಯ ಮೇಲೆ ಕೈಹೊತ್ತಳು. ಮರುದಿನ ಸಂಜೆ ಯಶೋಧಾ ಎಂದಿನಂತೆ ಬಂದು ಕೂತಳು, ಆದರೆ ಕೂಗಾಡಿ ಅವಳ ಗಂಟಲು ಕಟ್ಟಿಹೋಗಿತ್ತು. ಗಂಟಲು ತೋರಿಸಿ ಕೈಯಾಡಿಸಿದಳು. ಮನೆ ಬಿಕೋ ಎಂದಿತು. ಪಾರಿಗೆ ಮಾತಿನ ರೂಢಿ. ಈ ನಿಶ್ಶಬ್ದಕ್ಕೆ ಅದು ಇನ್ನಷ್ಟು ಮುದುಡಿತು.

ಇನ್ನು ತಾನೇ ಮಾತಾಡಬೇಕು. ಏನೆಂದು? ವೇದಶ್ರೀ ನೆಲಕ್ಕೆ ಕೂತು, ಗೋಡೆಗೆ ಒರಗಿ, ಗಂಟಲು ಸರಿಮಾಡಿಕೊಂಡಳು.

"ಆ ಮನಷ್ಯಾನ ಅಂಗಿ ಇಸ್ತ್ರಿ ನೋಡಿದ್ರೇನು?" ಎಂದು ಮೆಲ್ಲಗೆ ಶುರು ಮಾಡಿದಳು. "ಮಡಿಕಿ ಗೆರಿ ಕೂದಲೆಳಿಯಷ್ಟೂ ಆಚೀಚೆ ಇದ್ದಿಲ್ಲ. ಹೆಂಡತಿ ಮಾಡಿರಬೇಕು. ಪಾಪ, ಆಕಿಗೂ ಟ್ರಾನ್ಸ್‌ಫರಿನ ಅಂಜಿಕಿ ಇರಬೇಕು." ಯಶೋಧಾ ದನಿಯಿಲ್ಲದೆ ಮೈ ಕುಲುಕಿಸಿ ನಕ್ಕಳು. ವೇದಶ್ರೀಗೆ ಹುರುಪು ಬಂತು. ಅಕ್ಷತೆಯಿಂದ ಕಾರಿಗೆ, ಕಾರಿನಿಂದ ಕಟ್ಟಿಸಿದ ಮನೆಗೆ, ಮನೆಯಿಂದ ಅವನ ಇಡೀ ಬ್ಯಾಂಕಿಗೆ ಅವಳ ಮಾತು ಹರಿಯಿತು. ಕೈ ತಾನಾಗಿ ಮಂಡಾಳು ತೂರುತ್ತಿತ್ತು. ಇಬ್ಬರೂ ಮಂಚದ ಕಡೆ ನೋಡಲಿಲ್ಲ.

ಕತ್ತಲಾಗುವ ಮುಂಚೆ ಪಾರಿ ತೆವಳುತ್ತ ಹೊರಬಂದು, ಇಬ್ಬರ ನಡುವೆ ಬಿದ್ದಿದ್ದ ಮಂಡಾಳು ನೆಕ್ಕತೊಡಗಿತು.