ಮೈಗಳ್ಳ ಕೋಶಗಳು

ಪ್ರಯೋಗಾಲಯದಲ್ಲಿ ಆಕೆಗೆ ಸೂಲಗಿತ್ತಿ ಎಂದೇ ಅಡ್ಡಹೆಸರು. ಸಾಯಲು ಹೊರಟ ಜೀವಕೋಶವೂ ಆಕೆಯ ಕೈಗೆ ಬಂದರೆ ಬದುಕಿಕೊಳ್ಳುತ್ತದೆ ಎಂಬ ಮಾತಿತ್ತು. ಆ ಹೊಗಳಿಕೆಯೇ ಆಕೆಗೆ ಮುಳುವಾಯಿತು.

ಅಲ್ಲಿನ ಕೆಲಸವೇ ಒಂದು ವಿಚಿತ್ರ. ಸೋಂಕಿನ ಗುರುತು ಹಿಡಿಯುವ ಪ್ರತಿಕಾಯವನ್ನು ಇಲಿಯ ಗುಲ್ಮದ ಕೋಶ ತಯಾರಿಸುತ್ತದೆ. ಆದರೆ ಅದಕ್ಕೆ ಆಯಸ್ಸಿಲ್ಲ. ಕ್ಯಾನ್ಸರ್ ಕೋಶಕ್ಕೆ ಸಾವಿಲ್ಲ. ಆದರೆ ಅದು ಕೆಲಸಕ್ಕೆ ಬಾರದ್ದು. ಎರಡನ್ನೂ ಬೆಸೆದರೆ, ಸಾಯದೆ ದುಡಿಯುವ ಕೋಶವೊಂದು ಸಿಕ್ಕರೂ ಸಿಗಬಹುದು. ಅದರ ಸಂತಾನವೆಲ್ಲ ಒಂದೇ ಬಗೆಯ ಪ್ರತಿಕಾಯ ಸುರಿಸುತ್ತದೆ. ತಟ್ಟೆಗಳ ನೂರಾರು ಪುಟ್ಟ ಗುಳಿಗಳಲ್ಲಿ ಹುಡುಕಿದ ಮೇಲೆ ಅಂಥದ್ದು ಒಂದೇ ಒಂದು ಸಿಕ್ಕಿತ್ತು. ಅದರ ಪ್ರತಿಕಾಯದಿಂದ ಹಸುಗೂಸಿನ ಸೋಂಕನ್ನು ಒಂದು ಹನಿ ರಕ್ತದಲ್ಲೇ, ನಿಂತ ನಿಲುವಿನಲ್ಲೇ ಪತ್ತೆ ಮಾಡಬಹುದಿತ್ತು. ಆಕೆಯ ತಂಗಿಯ ಕೂಸು ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಕಣ್ಣು ಮುಚ್ಚಿತ್ತು. ಹಾಗಾಗಿ ಆ ಕೋಶ ಆಕೆಗೆ ಬರೀ ಸಂಬಳದ ಕೆಲಸವಾಗಿರಲಿಲ್ಲ.

ಏನು ಮಾಡುವುದು, ಅದು ಹುಟ್ಟಾ ಬಡಕಲು. ತಿಂಗಳುಗಟ್ಟಲೆ ಆರೈಕೆ ಮಾಡಿದರೂ ಮೈ ಹಿಡಿಯಲಿಲ್ಲ. ಕಡೆಗೊಮ್ಮೆ, ಅದನ್ನು ಬೆಳೆಸುತ್ತಿದ್ದ ಎರಡು ಬಾಟಲಿಗಳಲ್ಲಿ ಒಂದು ಇದ್ದಕ್ಕಿದ್ದಂತೆ ದುಂಡುದುಂಡು ಕೋಶಗಳಿಂದ ತುಂಬಿಕೊಂಡಾಗ ಆಕೆ ಹಿಗ್ಗಿ ಹೀರೇಕಾಯಿಯಾದಳು. ಕಾದಿರಿಸುವ ಕೋಶಗಳನ್ನೆಲ್ಲ ಅದರಿಂದಲೇ ತೆಗೆದು ಹೆಪ್ಪುಗಟ್ಟಿಸಿದಳು. ಬಡಕಲು ಬಾಟಲಿಯನ್ನು ಬ್ಲೀಚಿಗೆ ಸುರಿದಳು. ಮೊದಲು ಪರೀಕ್ಷಿಸಬೇಕಿತ್ತು. ಇಷ್ಟು ವರ್ಷ ಸಾಕಿದವಳಿಗೆ ನೋಡಿದರೆ ಗೊತ್ತಾಗುವುದಿಲ್ಲವೇ ಎಂದುಕೊಂಡಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಮಕ್ಕಳಿಗೂ ಗೊತ್ತು.

ಆಮೇಲೆ ಪರೀಕ್ಷಿಸಿದರೆ, ಪ್ರತಿಕಾಯವಿದ್ದರೆ ಮೂಡಬೇಕಾದ ಬಣ್ಣವೇ ಮೂಡಲಿಲ್ಲ.

“ಪ್ರತಿಕಾಯ ಒಂಚೂರೂ ಇಲ್ವಲ್ಲಮ್ಮ,” ಎಂದರು ಮುಖ್ಯಸ್ಥರು. “ಕೆಲ್ಸ ಬಿಟ್ಟಿರೋ ಮೈಗಳ್ಳ ಕೋಶಗಳು ಇವು. ದುಡಿಯೋ ಕಷ್ಟ ಇಲ್ಲ, ಅದಕ್ಕೇ ಉಂಡು ಕೊಬ್ಬಿವೆ. ಇನ್ನೊಂದು ಬಾಟಲಿ ಎಲ್ಲಿ?”

“ಚೆಲ್ಲಿಬಿಟ್ಟೆ ಸಾರ್.”

ಅವರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. “ಇದ್ರಲ್ಲೇ ಎಲ್ಲೋ ದುಡಿಯೋದು ಒಂದು ಉಳಿದಿರಬಹುದು. ಒಂದೊಂದೇ ಬೇರೆ ಮಾಡಿ ಸಾಕಿ ನೋಡು,” ಎಂದು ಎದ್ದುಹೋದರು.

ಸಂಜೆ ತಂಗಿ ಕೇಳಿದಳು: “ಅಕ್ಕಾ, ನಿನ್ನ ಪರೀಕ್ಷೆ ಆಸ್ಪತ್ರೆಗೆ ಯಾವಾಗ ಬರುತ್ತೆ?”

“ಬರುತ್ತೆ ಕಣೇ,” ಎಂದಳು. ತಂಗಿಯ ಮುಖ ನೋಡಲು ಆಕೆಗೆ ಧೈರ್ಯ ಬರಲಿಲ್ಲ.

ಗುಳಿಗೊಂದೇ ಕೋಶ ಬೀಳುವಂತೆ ತೆಳು ಮಾಡಿ ತಟ್ಟೆಗಳನ್ನು ತುಂಬಿದಳು. ಅವು ಬೆಳೆಯುವವರೆಗೆ ಕಾದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಸೊರಗಿದ್ದಕ್ಕೆ ಮೈ ತುಂಬಿಸುವುದನ್ನೇ ಬದುಕಾಗಿಸಿಕೊಂಡಿದ್ದವಳು, ಒಂದಾದರೂ ಬಡಕಲು ಇರಲಪ್ಪಾ ದೇವರೇ ಎಂದು ಬೇಡುತ್ತ ಗುಳಿಯಿಂದ ಗುಳಿಗೆ ಸರಿದಳು. ಬೆಳೆದವೆಲ್ಲ ದುಂಡಗೆ, ಗಟ್ಟಿಮುಟ್ಟಾಗಿ ಬೆಳೆದಿದ್ದವು.