ಹಗಲಲ್ಲೇ ಕೂತೆವು

“ಏನೇ ಬೇವರ್ಸಿ ಮುಂಡೆ, ಬಾಂಡ್ಲಿ ಇಳ್ಸಿ ಮೂಲೇಲಿ ಕೂತ್ಕಂಡು ಏನ್ ತುರುಕ್ಕಂತಿದ್ದೀಯೆ?”

ಸೈಟಿನ ಯಜಮಾನ ರಾಮಕೃಷ್ಣಪ್ಪ ಕೇಳಿದ್ದು ದೊಡ್ಡಮುನಿಯಮ್ಮನನ್ನು. ಅವಳು ಆಸನದ್ವಾರದಿಂದ ಈಚೆ ಬಂದದ್ದನ್ನು ಒದ್ದೆ ಬಟ್ಟೆಯಿಂದ ಒಳಕ್ಕೆ ತಳ್ಳಿಕೊಳ್ಳುತ್ತಿದ್ದಳು. ಜೆಲ್ಲಿಯ ಬಾಂಡ್ಲಿ ತಲೆಗೇರಿದರೆ ಸಾಕು, ಕರುಳಿನ ತುದಿ ಕೆಂಪಗೆ ಈಚೆ ಜಾರುತ್ತಿತ್ತು. ಓದಿ ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ. ಅವರ ಮನೆಯ ಪಾಯಕ್ಕೆ ಬಿದ್ದ ಜೆಲ್ಲಿ ನಾವು ಹೊತ್ತದ್ದೇ.

ಎಂಬತ್ತೆರಡರ ಬೇಸಿಗೆಯಲ್ಲಿ ವಿದ್ಯಾರಣ್ಯಪುರದ ಆಚೆ ಅವನು ಲೇಔಟ್ ಮಾಡುತ್ತಿದ್ದ. ನಾವು ಹೆಂಗಸರು ಬಯಲಕಡೆಗೆಂದು ಹೋಗುತ್ತಿದ್ದ ಪೊದೆಗಳಿಗೆಲ್ಲ ತಂತಿ ಬೇಲಿ ಬಿಗಿಸಿದ. ಸೈಟು ಕೊಳ್ಳುವವರ ಕಣ್ಣಿಗೆ ಬೀಳುತ್ತೀರೆಂದು ಹಗಲು ಹೋಗುವುದನ್ನೇ ನಿಲ್ಲಿಸಿದ. ಕತ್ತಲಾಗುವವರೆಗೂ ತಡೆದುಕೊಂಡೆವು. ಅವಸರವಾದೀತೆಂದು ನೀರು ಕುಡಿಯುವುದನ್ನೂ ಬಿಟ್ಟೆವು. ಆಮೇಲೆ ಕೂತರೆ ಕಲ್ಲಿನಂಥದ್ದು, ತಿಣುಕಿ ತಿಣುಕಿ ಕಣ್ಣು ಕತ್ತಲಿಡುತ್ತಿತ್ತು.

ಮುನಿಯಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದದ್ದು ನಾನೇ. ಡಾಕ್ಟರಮ್ಮ ನೋಡಿ ಹೇಳಿದರು:

“ಇದು ಮೂಲವ್ಯಾಧಿ ಅಲ್ಲಮ್ಮ. ಹೆರಿಗೆ ಮೇಲೆ ಹೆರಿಗೆ, ತಲೆ ಮೇಲೆ ಭಾರ, ತಡ್ಕೊಂಡು ತಿಣುಕೋದು, ಎಲ್ಲಾ ಸೇರಿ ಒಳಗಿನ ಹಿಡಿತ ಸಡಿಲ ಆಗಿದೆ. ಆಪರೇಷನ್ ಮಾಡಿ ಕರುಳನ್ನ ಮೇಲಕ್ಕೆಳೆದು ಹೊಲೀತೀವಿ. ಅಲ್ಲೀವರೆಗೂ ಭಾರ ಹೊರಬೇಡ. ಸೊಪ್ಪು ತಿನ್ನು, ನೀರು ಕುಡಿ, ಬಂದಾಗ ತಡ್ಕೋಬೇಡ.”

ಮುನಿಯಮ್ಮ ಇದನ್ನೇ ರಾಮಕೃಷ್ಣಪ್ಪನಿಗೆ ಹೇಳಿ, ಆಪರೇಷನ್ ಆಗುವವರೆಗೆ ಗಿಡಗಳಿಗೆ ನೀರು ಬಿಡುವ ಕೆಲಸ ಕೇಳಿದಳು.

“ಭಾರ ಒರಕ್ಕಾಗ್ದಿದ್ರೆ ಶೆಡ್ ಖಾಲಿ ಮಾಡು. ನಿನ್ ತಿಕಕ್ಕೆ ನಾನ್ ಕಾವಲು ಕೂರ್ಲಾ?”

ಮೇಸ್ತ್ರಿಗಳು ನಕ್ಕರು. ಅವಳು ಮತ್ತೆ ಬಾಂಡ್ಲಿ ಹೊತ್ತಳು. ಹೊರದಿದ್ದರೆ ಅವಳ ಮಕ್ಕಳು ಎಲ್ಲಿ ಮಲಗಬೇಕಿತ್ತು?

ಭಾನುವಾರ ಸೈಟು ನೋಡಲು ವ್ಯಾನು ತುಂಬ ಸಂಸಾರಸ್ಥರು ಬಂದರು. ರಾಮಕೃಷ್ಣಪ್ಪ ಬಿಳಿ ಪಂಚೆ ಉಟ್ಟು ಮೂಲೆ ಸೈಟಿನ ವಾಸ್ತು ಹೊಗಳುತ್ತಿದ್ದ. ಬಾಂಡ್ಲಿ ಹೊತ್ತಿದ್ದ ಮುನಿಯಮ್ಮ ನೆಟ್ಟಗೆ ಅಲ್ಲಿಗೆ ನಡೆದು ಜೆಲ್ಲಿಯನ್ನು ಅವನ ಕಾಲ ಬಳಿಯೇ ಸುರಿದಳು.

“ತಡ್ಕಾಬೇಡ ಅಂದವ್ರೆ ಡಾಕ್ಟ್ರಮ್ಮ,” ಎಂದು ಸೀರೆ ಎತ್ತಿ ಸೈಟಿನ ನಡುವೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ನಮ್ಮ ಹಿಂದೆ ಒಬ್ಬೊಬ್ಬರಾಗಿ ಹೆಂಗಸರೆಲ್ಲ ಬಂದು ಕೂತರು.

ಕೊಳ್ಳಲು ಬಂದವರು ಮಕ್ಕಳ ಕಣ್ಣು ಮುಚ್ಚಿ ವ್ಯಾನಿಗೆ ಓಡಿದರು. ರಾಮಕೃಷ್ಣಪ್ಪ ಕೋಲು ಎತ್ತಿದ.

“ಒಡಿ,” ಅಂದಳು ಮುನಿಯಮ್ಮ. “ಕರುಳು ಈಚೆ ಬಂದೈತೆ, ನೋಡ್ಕಂಡೇ ಒಡಿ.”

ಅವನು ನೋಡಿದ. ಎತ್ತಿದ ಕೋಲು ಹಾಗೇ ಇಳಿಯಿತು, ಪಂಚೆಯ ಮೇಲೆಲ್ಲ ವಾಂತಿ ಮಾಡಿಕೊಂಡ.

ನಾವು ಏಳಲಿಲ್ಲ.

“ಬರೋ ವಾರಾನೂ ಗಿರಾಕಿ ಕರ್ಕಂಬಾ ಕಣಪ್ಪ,” ಅಂದಳು ಅವಳು. “ಇಲ್ಲೇ ಇರ್ತೀವಿ.”