ಮೇಲಿನ ಮನೆಯ ಕಾಫಿ ಮಷೀನು

"ಮನಿಷೇ ಅಕ್ಕರ್ಲೇದು ಸಾರ್," ಎನ್ನುತ್ತ ಅಂಗಡಿಯವನು ಗಾಜಿನ ಜಗ್ಗನ್ನು ಎತ್ತಿ ತೋರಿಸಿದ. ಪುಡಿ ಹಾಕಿ, ನೀರು ಸುರಿದು, ಸ್ವಿಚ್ ಒತ್ತಿದರೆ ಮುಗಿಯಿತು. ಪಕ್ಕದಲ್ಲಿ ಮನುಷ್ಯರೇ ಬೇಡವಂತೆ. ವಿಜಯವಾಡದ ಬೆಸೆಂಟ್ ರೋಡಿನ ಆ ಅಂಗಡಿಯಲ್ಲಿ ಬಾಲಚಂದ್ರ ಬಹಳ ಹೊತ್ತಿನಿಂದ ಎರಡು ಮಷೀನುಗಳ ನಡುವೆ ಒದ್ದಾಡುತ್ತಿದ್ದ. ಒಂದು ಮದುವೆಮನೆಗಳಲ್ಲಿ ಇಡುವಂಥ ಸ್ಟೀಲಿನದು. ಹಾಲಿಗೆ ಹಬೆ ನುಗ್ಗಿಸಿ ಬುಸ್ಸೆಂದು ನೊರೆ ಎಬ್ಬಿಸುತ್ತದೆ, ಆದರೆ ನಡೆಸಲು ಒಬ್ಬ ಆಳು ಬೇಕು. ಇನ್ನೊಂದು ಈ ಗಾಜಿನ ಜಗ್ಗಿನದು.

"ಇದನ್ನೇ ಕಟ್ಟಿಕೊಡಿ," ಎಂದ.

ಕಾಫಿ ಮಷೀನು ಕೊಳ್ಳಬೇಕೆಂದು ಅವನು ಮನೆಯಿಂದ ಹೊರಟವನೇ ಅಲ್ಲ. ಬ್ಯಾಂಕಿನ ಮೀಟಿಂಗಿಗೆಂದು ವಿಶಾಖಪಟ್ಟಣದಿಂದ ಬಂದಿದ್ದ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬೆಂಗಳೂರಿನ ಹೆಡ್ಡಾಫೀಸಿನಿಂದ ಬಂದಿದ್ದ ಅಣ್ಣಪ್ಪನವರು ಎಲ್ಲರಿಗೂ ಕೇಳುವಂತೆ, "ಏನಪ್ಪಾ ಬಾಲಚಂದ್ರ, ವೈಜಾಗ್ ಹಾಲಿಡೇ ಹೋಮಲ್ಲಿ ಸಮುದ್ರಕ್ಕಿಂತ ನಿನ್ ಮನೆ ಕಾಫೀನೇ ಫೇಮಸ್ಸಂತೆ! ಹೆಂಡ್ತೀನೂ ಬ್ಯಾಂಕಿನ ಕೆಲಸಕ್ಕೆ ಹಾಕ್ಬಿಟ್ಯಲ್ಲಯ್ಯ, ಬಲೇ ಆಸಾಮಿ ನೀನು," ಎಂದಿದ್ದರು. ಎಲ್ಲರೂ ನಕ್ಕರು. ಬಾಲಚಂದ್ರನೂ ನಕ್ಕ. ಅಣ್ಣಪ್ಪನವರದು ಮೆಚ್ಚಿಕೆಯ ಮಾತೇ, ಅದರಲ್ಲಿ ಕುಹಕವಿರಲಿಲ್ಲ. ಆದರೆ ಈ ಪುಣ್ಯಾತ್ಮ ಮೊಸರನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದ. ತನ್ನ ಹೆಂಡತಿಯನ್ನು ಜನ ಅಡುಗೆಯವಳು ಅಂದುಕೊಂಡಿದ್ದಾರೆ ಎಂಬುದೊಂದೇ ತಲೆಯಲ್ಲಿ ಕೂತುಬಿಟ್ಟಿತು.

ಲಾಸನ್ಸ್ ಬೇ ಕಾಲೊನಿಯಲ್ಲಿ ಅವರದು ಕೆಳಗಿನ ಮನೆ. ಮೇಲಿನದನ್ನು ಬ್ಯಾಂಕು ಬಾಡಿಗೆಗೆ ಹಿಡಿದು ತನ್ನ ನೌಕರರಿಗೆ ರಜೆಯ ಮನೆ ಮಾಡಿತ್ತು. ನೋಡಿಕೊಳ್ಳುವ ಹೊಣೆ ಬಾಲಚಂದ್ರನದು. ತಿಪಟೂರಿನವರು, ಶಿರಸಿಯವರು, ರಾಯಚೂರಿನವರು ಎಲ್‌ಟಿಸಿ ಪ್ರವಾಸಭತ್ಯೆ ಹಾಕಿಕೊಂಡು, ರೈಲಿನಲ್ಲಿ ಮೈಕೈ ನುಗ್ಗುಮಾಡಿಕೊಂಡು ಬಂದಿಳಿಯುತ್ತಿದ್ದರು. ಮೇಲೆ ಒಲೆ ಇರಲಿಲ್ಲ. ಬೆಳಿಗ್ಗೆ ಕಾಫಿಗೆ ಕೆಳಗೆ ಅವನ ಹೆಂಡತಿ ಅನಸೂಯಾಳ ಅಡುಗೆಮನೆಗೇ ಬರಬೇಕು.

ಬಂದವರು ಸುಮ್ಮನೆ ಕುಡಿದು ಹೋಗುತ್ತಿದ್ದರೇ? ಗಂಡಸರು ಹೊಸ್ತಿಲ ಬಳಿ, ಹೆಂಗಸರು ಒಳಗೆ ನೆಲದ ಮೇಲೆ. ಅನಸೂಯಾ ಡಿಕಾಕ್ಷನ್ನಿಗೆ ಬಿಸಿನೀರು ಸುರಿಯುತ್ತ "ಯಾವೂರಾಯ್ತು ನಿಮ್ದು?" ಎಂದು ಶುರು ಮಾಡಿದರೆ ಎರಡನೆಯ ಲೋಟ ಮುಗಿಯುವಷ್ಟರಲ್ಲಿ ಎಲ್ಲೋ ಒಂದು ನೆಂಟಸ್ತಿಕೆ ಸಿಕ್ಕೇ ಸಿಗುತ್ತಿತ್ತು. ಬಚ್ಚಲಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದ ಬಾಲಚಂದ್ರನಿಗೆ ಅವಳ ನಗು ಕೇಳುತ್ತಿತ್ತು. ಅವನೆದುರು ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಅವನು ಗಾಜುವಾಕದ ಬ್ರಾಂಚಿಗೆ ಬಸ್ಸು ಹಿಡಿದರೆ ಬರುವುದು ದೀಪ ಹಚ್ಚಿದ ಮೇಲೆ. ಇಲ್ಲೇ ಹುಟ್ಟಿದ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರ ಕೊಟ್ಟು ಶಾಲೆಗೆ ಓಡುತ್ತಿದ್ದಳು.

ಅವನು ತಂದ ಪೆಟ್ಟಿಗೆಯನ್ನು ಅನಸೂಯಾ ಸುತ್ತಲೂ ತಿರುಗಿಸಿ ನೋಡಿದಳು.

"ಇದ್ಯಾತಕ್ಕೆ?"

"ಮೇಲಕ್ಕೆ. ಇನ್ಮೇಲೆ ಅವರ ಕಾಫಿ ಅವರೇ ಮಾಡ್ಕೋತಾರೆ. ನಿನಗೆ ತೊಂದ್ರೆ ತಪ್ಪಲಿ ಅಂತ."

"ತೊಂದ್ರೆ ಅಂತ ನಾನು ಯಾವತ್ತು ಹೇಳಿದ್ನಪ್ಪಾ?"

"ಹೇಳ್ಬೇಕೇನೇ? ಕಂಡೋರಿಗೆಲ್ಲ ಕತ್ತಲಲ್ಲೆದ್ದು ಬೇಯಿಸ್ತೀಯ. ಆಫೀಸರ್ ಹೆಂಡ್ತಿ ನೀನು."

"ಕಂಡೋರಾ? ನಮ್ಮೂರ ಕಡೆಯೋರು ಕಣ್ರೀ," ಎಂದಳು ಅನಸೂಯಾ. ಮತ್ತೇನನ್ನೋ ಹೇಳಲು ಬಾಯಿ ತೆರೆದವಳು ಗಂಡನ ಮುಖ ನೋಡಿ, "ಸರಿ, ತಂದಾಯ್ತಲ್ಲ," ಎಂದು ಎದ್ದುಹೋದಳು.

ಮಷೀನು ಮೇಲೆ ಹೋಯಿತು. ಪಕ್ಕದಲ್ಲಿ ಹಾಲಿನ ಪುಡಿಯ ಡಬ್ಬ ಕೂತಿತು. ಉಪಕಾರ ಮಾಡುವ ಹುರುಪಿನಲ್ಲಿ ಬಾಲಚಂದ್ರ ಮೇಲಿನ ಮನೆಯ ಬೀಗದಕೈಯನ್ನೂ ಪೇಟೆಯ ದೊಡ್ಡ ಬ್ರಾಂಚಿನಲ್ಲೇ ಇಡಿಸಿದ. ಬಂದವರು ಅಲ್ಲಿಂದಲೇ ತಂದುಕೊಳ್ಳಲಿ, ಹೊತ್ತಲ್ಲದ ಹೊತ್ತಿನಲ್ಲಿ ಇವಳ ಬಾಗಿಲು ಬಡಿಯುವುದು ಬೇಡ. ಜನ ಬಂದರು, ಹಿಂಬದಿಯ ಮೆಟ್ಟಿಲು ಹತ್ತಿದರು, ಇಳಿದರು, ಹೋದರು. ಹಾಲಿನ ಪುಡಿಯ ಕಾಫಿ ಎಂದು ಯಾರೂ ಮೂಗು ಮುರಿಯಲಿಲ್ಲ.

ಒಮ್ಮೆ ಮಾತ್ರ ಒಬ್ಬಾಕೆ ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡಳು. ಅನಸೂಯಾ ಕೈ ಒರೆಸಿಕೊಳ್ಳುತ್ತ ಎದ್ದು, "ಬನ್ನಿ ಬನ್ನಿ, ಮಷೀನು ಕೆಟ್ಟೋಯ್ತೇನು?" ಎಂದು ಕೇಳಿದಳು. ಅದು ಕೆಟ್ಟಿರಲಿ ಎಂಬ ಆಸೆ ದನಿಯಲ್ಲೇ ಇತ್ತು.

"ಇಲ್ಲಮ್ಮ, ಒಂದು ಚಮಚ ಬೇಕಿತ್ತು," ಎಂದಳು ಆಕೆ.

ಬಚ್ಚಲಲ್ಲಿದ್ದ ಬಾಲಚಂದ್ರನಿಗೆ ಈ ಮಾತು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಎಷ್ಟೋ ಬೆಳಗುಗಳಿಂದ ತಾನು ಏನೂ ಕೇಳಿಸದ ಮನೆಯಲ್ಲೇ ಗಡ್ಡ ಕೆರೆದುಕೊಳ್ಳುತ್ತಿದ್ದೇನೆ ಎಂದು ಆಗ ಹೊಳೆಯಿತು. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಅನಿಸಿತು.

ಆ ಭಾನುವಾರ, "ಅದನ್ನ ತೆಗೆದುಬಿಡೋಣ ಕಣೇ," ಎಂದ.

"ಬೇಡಿ."

"ಯಾಕೆ? ಮುಂಚಿನ ಥರಾನೇ ಕೆಳಗೆ ಬರ್ತಾರೆ."

"ಮುಂಚೆ ಅವರಾಗಿ ಬರ್ತಿದ್ರು," ಎಂದಳು ಅನಸೂಯಾ. "ಈಗ ಮಷೀನು ಕಿತ್ತಿಟ್ಟು ಬನ್ನಿ ಬನ್ನಿ ಅಂತ ಕರೆಯೋಕೆ ನಾನೇನು ಹೋಟ್ಲಿಟ್ಟಿದೀನಾ?" ಸಿಟ್ಟಿನಿಂದ ಹೇಳಿದ್ದರೆ ಅವನಿಗೂ ಜಗಳವಾಡಲು ಬರುತ್ತಿತ್ತು. ಅವಳು ಹುರುಳಿಕಾಯಿ ಸೋಸುತ್ತ ತಣ್ಣಗೆ ಹೇಳಿದಳು.

ಅವಳಿಗೆ ತಿಳಿಯದಂತೆ ಅವನೇ ಮೇಲೆ ಹೋದ. ಆಗ ಇದ್ದವರು ತುಮಕೂರಿನವರು. ನಾಳೆ ಬೆಳಿಗ್ಗೆ ಕೆಳಗೇ ಬಂದುಬಿಡಿ, ಒಳ್ಳೆ ಫಿಲ್ಟರ್ ಕಾಫಿ ಕುಡಿಯೋರಂತೆ ಎಂದು ಹೆಚ್ಚುಕಡಿಮೆ ಅಂಗಲಾಚಿದ. ಅವರು, "ಅಯ್ಯೋ, ಯಾಕೆ ಸಾರ್ ಮೇಡಮ್ಮಿಗೆ ಸುಮ್ನೆ ತೊಂದ್ರೆ? ಎಲ್ಲಾ ಅನುಕೂಲ ಮಾಡಿಕೊಟ್ಟಿದೀರಲ್ಲ," ಎಂದರು. ಅವರದು ತಪ್ಪೇನಿಲ್ಲ, ಮರ್ಯಾದಸ್ಥರು. ಬಾಲಚಂದ್ರ ಮೆಟ್ಟಿಲಿಳಿದು ಬಂದು ಪೇಪರ್ ಹಿಡಿದು ಕೂತ. ಒಂದಕ್ಷರ ಓದಲಾಗಲಿಲ್ಲ.

ದಸರಾ ರಜೆಯಲ್ಲಿ ಒಂದು ಸಂಸಾರ ಬಂದಿಳಿಯಿತು. ಯಾರು, ಎತ್ತ ಎಂದು ಅನಸೂಯಾಗೆ ಗೊತ್ತಿರಲಿಲ್ಲ. ಈಗೀಗ ಅವಳು ಕೇಳುವುದನ್ನೂ ಬಿಟ್ಟಿದ್ದಳು. ಮಾರನೆಯ ಬೆಳಿಗ್ಗೆ ಅವಳು ಕಾಂಪೌಂಡಿನ ಆಚೆಯ ಮನೆಯ ರಾಜ್ಯಲಕ್ಷ್ಮಿಯೊಡನೆ ತೆಲುಗಿನಲ್ಲಿ ಏನೋ ಮಾತಾಡಿ ಮುಗಿಸಿ ಗೇಟಿನ ಬಳಿ ನಿಂತಿದ್ದಳು. ಬಾಲಚಂದ್ರ ಜಗಲಿಯಲ್ಲಿದ್ದ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಟವೆಲ್ಲು ಹೆಗಲಿಗೆ ಹಾಕಿಕೊಂಡು ಮೇಲಿನಿಂದ ಇಳಿದರು.

ಅದೇ ಗುಂಗಿನಲ್ಲಿ ಅನಸೂಯಾ ಬಂದವರಿಗೆ ಗೇಟು ತೆರೆದು, "ಬೀಚ್‌ಕಾಂಡೀ? ಅಲಲು ಎಕ್ಕುವಗಾ ಉನ್ನಾಯಿ. ಪಿಲ್ಲಲು ಜಾಗ್ರತ್ತಂಡೀ," ಎಂದಳು. ಬೀಚಿಗಾ, ಅಲೆ ಜಾಸ್ತಿ ಇದೆ, ಮಕ್ಕಳು ಜೋಪಾನ ಎನ್ನುವುದನ್ನು ಅಲ್ಲಿಯವಳೇ ಹೇಳುವಷ್ಟು ಸಲೀಸಾಗಿ ಹೇಳಿದಳು.

ಆ ಹೆಂಗಸು ಅರ್ಥವಾಗದೆ ನಕ್ಕು, ತಲೆಯಾಡಿಸಿ ಹೊರಗೆ ಹೋದಳು. ನಾಲ್ಕು ಹೆಜ್ಜೆ ದಾಟಿದ ಮೇಲೆ ಗಂಡನನ್ನು ಕೇಳಿದಳು: "ಏನಂದ್ರರೀ ಅವ್ರು?"

"ಯಾರಿಗ್ ಗೊತ್ತು? ತೆಲುಗು ಮಂದಿ ಅದಾರ. ಏನೋ ಒಂದ್ ಅಂದ್ರು, ಬಾ."

ಅನಸೂಯಾಳ ಕೈ ಮೇಲೆದ್ದಿತು. "ರೀ, ನಾವೂ..." ಎಂದಳು. ಆ ಮಾತು ಗೇಟಿನ ಈಚೆಗೇ ಉಳಿಯಿತು. ಜಗಲಿಯಲ್ಲಿದ್ದ ಬಾಲಚಂದ್ರ ಎದ್ದು ನಿಂತ. ಕೂಗಿ ಕರೆಯಬಹುದಿತ್ತು, ಅವರಿನ್ನೂ ದೂರ ಹೋಗಿರಲಿಲ್ಲ. ಆದರೆ ಹೆಂಡತಿಯ ಬೆನ್ನು ನೋಡಿ ಅವನು ಮತ್ತೆ ಕೂತ.

ದೊಡ್ಡ ಮಗು "ಅಪ್ಪಾ, ಸಮುದ್ರ ಕಾಣ್ತೈತಿ ನೋಡು!" ಎಂದು ಕೂಗುತ್ತ ಓಡಿತು. ಚಿಕ್ಕದು ಹಿಂದಿನಿಂದ "ನನ್ನೂ ಕರ್ಕೊಂಡ್ ಹೋಗೋ" ಎಂದು ಅಳತೊಡಗಿತು. ತಾಯಿ ಅದನ್ನು ಎತ್ತಿಕೊಂಡು ಏನೋ ಹೇಳಿ ಸಮಾಧಾನ ಮಾಡುತ್ತಿದ್ದಳು. ಬೀದಿಯ ತಿರುವಿನವರೆಗೂ ಆ ಕನ್ನಡದ ಮಾತುಗಳು ಕೇಳುತ್ತಿದ್ದವು. ಅನಸೂಯಾ ಗೇಟಿನ ಸರಳಿಗೆ ಹಣೆ ತಾಗಿಸಿಕೊಂಡು ಅವು ನಿಲ್ಲುವವರೆಗೆ ನಿಂತಿದ್ದಳು.